ಆಮೇಲೆ ನೆನಪಿಸು

ನನಗೆ ಅನುಮಾನ ಜಾಸ್ತಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಹಾಗೆ ಯಾಕೆ ಹೇಳುತ್ತಾರೆ ಎಂಬುದರ ಮೇಲೂ ನನಗೆ ಅನುಮಾನವಿದೆ. ಅಣ್ಣನಂತೂ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. 'ಪತ್ತೇದಾರಿ, ನೀರು ಕೊಡು', 'ಪತ್ತೇದಾರಿ, ಬಾಗಿಲು ಹಾಕ್ಕೋ' ಎಂದೇ ನಡೆದುಬಂದಿದೆ. ಅವನು ಕರೆದರೆ ನನಗೆ ಕೋಪ ಬರುವುದಿಲ್ಲ. ಬೇರೆ ಯಾರಾದರೂ ಕರೆದರೆ ಆ ದಿನವೆಲ್ಲ ಅವರ ಜೊತೆ ಮಾತು ಬಿಡುತ್ತೇನೆ.

ನಾವಿಬ್ಬರೂ ಕೆಲಸ ಮಾಡುವುದು ಹಲ್ಲಿನ ಲ್ಯಾಬಿನಲ್ಲಿ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಹಲ್ಲು ಮಾಡಿ ಕಳಿಸುತ್ತೇವೆ. ಹಿಂದಿನ ಕೋಣೆ ಪ್ಲಾಸ್ಟರಿನದು. ಅಲ್ಲಿಗೆ ಹೋಗಿ ಬಂದವರ ಹುಬ್ಬೂ ಬೆಳ್ಳಗಾಗಿರುತ್ತದೆ. ನಡುವಿನ ಕೋಣೆಯಲ್ಲಿ ಅಣ್ಣ, ಅವನ ಪಿಂಗಾಣಿ ಪುಡಿಯ ಸೀಸೆಗಳು, ಹಲ್ಲು ಸುಡುವ ಫರ್ನೇಸು, ಅದರ ಪಕ್ಕಕ್ಕೆ ಪ್ಯಾಕಿಂಗ್ ಮೇಜು. ಮುಂದಿನ ಕೋಣೆಯಲ್ಲಿ ಫೋನು, ಕಂಪ್ಯೂಟರು ಮತ್ತು ನಾನು. ಕ್ಲಿನಿಕ್ಕಿನವರು ಫೋನಿನಲ್ಲಿ ಹೇಳಿದ್ದನ್ನು ಕೇಳಿ, ಅವರಿಗೇ ತಿರುಗಿ ಒಪ್ಪಿಸಿ, ಆರ್ಡರ್ ಫೈಲಿನಲ್ಲಿ ತುಂಬಿಸುವುದು ನನ್ನ ಕೆಲಸ. ಅದೇ ಫೈಲು ಪ್ಯಾಕಿಂಗ್ ಮೇಜಿನ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ. ಅಲ್ಲಿಂದ ಚೀಟಿ ಪ್ರಿಂಟ್ ಆಗಿ ಹಲ್ಲಿನ ಜೊತೆ ಡಬ್ಬಿಯೊಳಗೆ ಹೋಗುತ್ತದೆ.

ಅಣ್ಣ ಮಾತ್ರ ಫೈಲು ನೋಡುವವನಲ್ಲ. ಅವನಿಗೆ ನಾನು ಬಾಗಿಲಲ್ಲಿ ನಿಂತು ಬಣ್ಣದ ನಂಬರು ಕೂಗುತ್ತೇನೆ. 'ಎರಡು' ಎಂದರೆ, ತಲೆ ಎತ್ತದೆ, ಕೈಯಲ್ಲಿನ ಕುಂಚ ಬಿಡದೆ, ಅವನೂ 'ಎರಡು' ಎನ್ನುತ್ತಾನೆ. ಅವನು ತಿರುಗಿ ಹೇಳುವ ತನಕ ನಾನು ಬಾಗಿಲು ಬಿಡುವುದಿಲ್ಲ. ಕಂಪ್ಯೂಟರು ಬರುವ ಮೊದಲಿನಿಂದಲೂ ಹೀಗೆಯೇ ನಡೆದಿದೆ.

ಈ ನಂಬರು ಎಂದರೆ ಹಲ್ಲಿನ ಬಿಳುಪಿನ ನಂಬರು. ನಮ್ಮಲ್ಲಿ ಪ್ರತಿ ಮೇಜಿನ ಮೇಲೂ ಶೇಡ್ ಗೈಡ್ ಎಂಬ ಒಂದು ಪಟ್ಟಿಯಿರುತ್ತದೆ. ಅದರಲ್ಲಿ ಸಣ್ಣ ಸಣ್ಣ ಕಡ್ಡಿಗಳ ತುದಿಗೆ ಒಂದೊಂದು ಮಾದರಿ ಹಲ್ಲು. ಕಡ್ಡಿಯ ಮೇಲೆ ನಂಬರು. ಒಂದು ಎಂದರೆ ಅಚ್ಚ ಬಿಳುಪು, ನಂಬರು ಏರಿದ ಹಾಗೆ ಹಳದಿ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಕೈಯಲ್ಲಿ ಹಿಡಿದು ನೋಡಿದರೆ ಸಾಮಾನ್ಯರಿಗೆ ಥಟ್ಟನೆ ತಿಳಿಯುವುದಿಲ್ಲ. ಬಾಯಲ್ಲಿ, ಸ್ವಂತ ಹಲ್ಲಿನ ಪಕ್ಕದಲ್ಲಿ ಕೂರಿಸಿದರೆ ಮಾತ್ರ ನಗುವ ಮೊದಲೇ ಎದುರಿನವರಿಗೆ ಗೊತ್ತಾಗುತ್ತದೆ.

ಅಣ್ಣನಿಗೆ ಪಟ್ಟಿ ಬೇಕಿರಲಿಲ್ಲ. ಒಳಗೆ ಬಂದವರು ಒಮ್ಮೆ ಬಾಯಿ ತೆರೆದರೆ ಸಾಕು, ಅಷ್ಟು ದೂರದಿಂದಲೇ ನಂಬರು ಹೇಳುತ್ತಿದ್ದ. ಚಿಕ್ಕಂದಿನಲ್ಲಿ ಹಾಲಿಗೆ ನೀರು ಬೆರೆಸಿದ್ದನ್ನು ಲೋಟದ ಬಣ್ಣ ನೋಡಿಯೇ ಹಿಡಿದುಕೊಡುತ್ತಿದ್ದ. ಅಪ್ಪ ನನ್ನನ್ನು ನಿಲ್ಲಿಸಿ ಮಗ್ಗಿ ಕೇಳುವಾಗ ಅಪ್ಪನ ಬೆನ್ನ ಹಿಂದೆ ನಿಂತು, ಕೆನ್ನೆಯ ಮೇಲೆ ಬೆರಳಿಟ್ಟು ಉತ್ತರ ತೋರಿಸುತ್ತಿದ್ದವನೂ ಅವನೇ. ಈ ಲ್ಯಾಬಿಗೆ ನನ್ನನ್ನು ಸೇರಿಸಿದವನೂ ಅವನೇ. ಹಾಗಾಗಿ ಅವನ ವಿಷಯದಲ್ಲಿ ನನ್ನ ಅನುಮಾನದ ಬುದ್ಧಿ ಯಾವತ್ತೂ ಕೆಲಸ ಮಾಡಿದ್ದಿಲ್ಲ.

ಈಗ ಆರು ತಿಂಗಳಿಂದ ಪ್ಯಾಕಿಂಗ್ ಮೇಜಿಗೆ ಅವನು ತನ್ನ ಸೊಸೆಯನ್ನು ತಂದು ಕೂರಿಸಿದ್ದ. ಮಗನ ಹೆಂಡತಿ. ನನ್ನನ್ನು ಚಿಕ್ಕತ್ತೆ ಎನ್ನುತ್ತಾಳೆ. ಅದರ ಹೊರತು ಬೇರೆ ಮಾತು ಅವಳ ಬಾಯಿಂದ ಹೊರಡಬೇಕಾದರೆ ಪೂಜೆ ಮಾಡಬೇಕು. ನಾನು ಅವಳಿಗೆ ಮನಸ್ಸಿನಲ್ಲೇ ಮೌನಗೌರಿ ಎಂದು ಹೆಸರಿಟ್ಟಿದ್ದೆ. ವಟವಟ ಮಾತಾಡುವವರನ್ನು ನಂಬಬಹುದು, ಹೊಟ್ಟೆಯಲ್ಲಿರುವುದೆಲ್ಲ ಹೊರಗೆ ಬಂದುಬಿಡುತ್ತದೆ. ಮಾತಾಡದವರು ಒಳಗೊಳಗೇ ಏನು ಮಸೆಯುತ್ತಿರುತ್ತಾರೋ ಹೇಳುವುದು ಕಷ್ಟ.

ಇನ್ನು ಆ ಪೆಟ್ಟಿಗೆಯ ವಿಷಯ. ನನ್ನ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರೆ ಮೂಲೆಯಿಂದ 'ಟಣ್' ಎಂದು ಒಂದು ಸಣ್ಣ ಪೆಟ್ಟಿಗೆ ಮೇಲೆ ಬರುತ್ತದೆ. ಒಮ್ಮೆ 'ಹೊಸ ಆವೃತ್ತಿ ಸಿದ್ಧವಿದೆ' ಎನ್ನುತ್ತದೆ. ಒಮ್ಮೆ 'ನಮ್ಮ ಬಗ್ಗೆ ನಿಮ್ಮ ಅಭಿಪ್ರಾಯವೇನು' ಎಂದು ಕೇಳುತ್ತದೆ. ನನ್ನ ಅಭಿಪ್ರಾಯ ಹೇಳಿದ್ದರೆ ಅದು ಮತ್ತೆ ಮುಖ ತೋರಿಸುತ್ತಿರಲಿಲ್ಲ. ಎಲ್ಲದಕ್ಕೂ ನಾನು 'ಆಮೇಲೆ ನೆನಪಿಸು' ಎಂಬುದನ್ನು ಒತ್ತಿ ಓಡಿಸುತ್ತಿದ್ದೆ. ಊಟ ಮುಗಿಸಿ ಬಂದು ಕೂತರೆ ಇನ್ನೊಂದು ಬಗೆಯದು ಕಾದಿರುತ್ತಿತ್ತು: 'ಈ ಫೈಲನ್ನು ಇನ್ನೊಬ್ಬರು ಬದಲಾಯಿಸಿದ್ದಾರೆ. ಹೊಸದನ್ನು ತೋರಿಸಬೇಕೇ?' ಕೆಳಗೆ ಎರಡು ಗುಂಡಿ. 'ತೋರಿಸು', 'ಆಮೇಲೆ ನೆನಪಿಸು'. ಗುರುತು ಪರಿಚಯವಿಲ್ಲದೆ ಅಷ್ಟು ಪ್ರೀತಿಯಿಂದ ತೋರಿಸುತ್ತೇನೆ ಎನ್ನುವವರನ್ನು ನಾನು ನಂಬುವವಳಲ್ಲ. ಅದಕ್ಕೂ 'ಆಮೇಲೆ' ಎಂದೆ. ಮತ್ತೆ ಬಂತು, ಮತ್ತೆ ಆಮೇಲೆ ಎಂದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಸದ್ದು ಕಡಿಮೆ ಮಾಡಿದೆ. ಆ ಮೂಲೆಗೆ ಒಂದು ಕಾಗದದ ಚೂರು ಅಂಟಿಸಿಯೂ ನೋಡಿದೆ. ಕಾಗದದ ಹಿಂದಿನಿಂದ ಟಣ್ ಎಂದಿತು.

ಅಷ್ಟರಲ್ಲಿ ಮೊದಲ ದೂರು ಬಂತು. ಲ್ಯಾಬಿನ ಒಡತಿಯನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಅವರು ನನ್ನ ಮೇಜಿನ ಮುಂದೆ ಬಂದು ನಿಂತರು.

"ಕ್ಲಿನಿಕ್‌ನವರು ಎರಡು ಅಂದಿದ್ರಂತೆ. ನಮ್ಮ ಚೀಟಿಲಿ ಮೂರು ಅಂತಿದೆ. ಹಲ್ಲೂ ಮೂರೇ ಹೋಗಿದೆ. ಆ ಪೇಷಂಟು ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೂತಿದಾರಂತೆ."

"ನಾನೂ ಎರಡು ಅಂತಲೇ ಹಾಕಿದೀನಿ ಮೇಡಂ. ಬನ್ನಿ, ನೀವೇ ನೋಡಿ."

ನನ್ನ ಪರದೆಯಲ್ಲಿ ಎರಡು ಇತ್ತು. ಮೇಡಂ ಒಳಗೆ ಹೋಗಿ ಪ್ಯಾಕಿಂಗ್ ಮೇಜಿನ ಪರದೆ ನೋಡಿ ಬಂದರು. ಅಲ್ಲಿ ಮೂರು ಇತ್ತು.

"ಈಗ ನಾನು ಬರೋದು ನೋಡಿ ತಿದ್ಕೊಂಡ್ರಾ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಜೀವನದಲ್ಲಿ ಬೇರೆಯವರನ್ನು ಅನುಮಾನಿಸುವುದು ನನ್ನ ಕೆಲಸ. ನನ್ನನ್ನೇ ಒಬ್ಬರು ಅನುಮಾನಿಸಿದ್ದು ಅದೇ ಮೊದಲು. ಅದು ಇಷ್ಟು ಕೆಟ್ಟದಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸ್ವಲ್ಪ ದಿನ ಬಿಟ್ಟು ಇನ್ನೊಂದು ದೂರು ಬಂತು, ಅದರ ಹಿಂದೆಯೇ ಮತ್ತೊಂದು. ಎರಡು ಹೇಳಿದರೆ ಮೂರು, ಒಂದು ಹೇಳಿದರೆ ಎರಡು. ಮೇಡಂ ಈ ಸಲ ದನಿ ಏರಿಸಲಿಲ್ಲ, ಮೆತ್ತಗೆ ಹೇಳಿದರು. ಅದು ಇನ್ನೂ ಅಪಾಯ.

"ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ. ವಯಸ್ಸಾದ ಮೇಲೆ ಎಲ್ಲರಿಗೂ ಆಗುತ್ತೆ. ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಪ್ಲಾಸ್ಟರ್ ಕೋಣೆಗೆ ಹಾಕ್ತೀನಿ. ಫೋನು ನಿಮ್ಮ ಅಣ್ಣನ ಸೊಸೆ ನೋಡ್ಕೊಳ್ಳಲಿ."

ನನ್ನ ಕಿವಿ ಎಷ್ಟು ಚುರುಕೆಂದರೆ ಪಕ್ಕದ ಮನೆಯವರು ಪಿಸುಗುಟ್ಟಿದ್ದಕ್ಕೂ ನಾನು ಉತ್ತರ ಕೊಡಬಲ್ಲೆ. ಆದರೆ ಆ ಕ್ಷಣ ನನ್ನ ತಲೆಗೆ ಹೋಗಿದ್ದು ಕೊನೆಯ ಮಾತೊಂದೇ. ಸೊಸೆ ನೋಡ್ಕೊಳ್ಳಲಿ. ಅಲ್ಲಿಗೆ ಎಲ್ಲ ಅರ್ಥವಾಯಿತು. ಅಷ್ಟು ದಿನ ಓದದೆ ಓಡಿಸಿದ್ದ ಪೆಟ್ಟಿಗೆಯನ್ನು ಅಂದು ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಓದಿದೆ. 'ಇನ್ನೊಬ್ಬರು ಬದಲಾಯಿಸಿದ್ದಾರೆ.' ಆ ಇನ್ನೊಬ್ಬರು ಯಾರು? ಈ ಫೈಲು ತೆರೆಯುವುದು ಎರಡೇ ಕಂಪ್ಯೂಟರಿನಲ್ಲಿ. ಒಂದರ ಮುಂದೆ ನಾನು. ಇನ್ನೊಂದರ ಮುಂದೆ ಮೌನಗೌರಿ.

ಅಂದಿನಿಂದ ಅವಳ ಮೇಲೆ ಕಣ್ಣಿಟ್ಟೆ. ಮೊದಲೆಲ್ಲ ನಾವು ಮೂವರೂ ಹಿತ್ತಿಲ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಇತ್ತೀಚೆಗೆ ಅಣ್ಣ ಬರುತ್ತಿರಲಿಲ್ಲ. "ಫರ್ನೇಸ್ ಬಿಟ್ಟು ಬರೋ ಹಾಗಿಲ್ಲ, ನೀವು ತಿನ್ನಿ" ಎನ್ನುತ್ತಿದ್ದ. ಹಾಗಾಗಿ ನಾವಿಬ್ಬರೇ. ನಾನು ಬೇಕೆಂದೇ ಅವಳ ಎದುರಿಗೆ ಕೂರುತ್ತಿದ್ದೆ. ಕೈ ತೊಳೆಯಲು ಎದ್ದರೆ ನಾನೂ ಎದ್ದೆ. ನೀರು ಕುಡಿಯಲು ಹೋದರೆ ನನಗೂ ಬಾಯಾರಿಕೆ. ಅವಳು ತಲೆ ಬಗ್ಗಿಸಿ ತಿನ್ನುತ್ತಿದ್ದಳು. ತಪ್ಪು ಮಾಡದವಳು ತಲೆ ಯಾಕೆ ಬಗ್ಗಿಸಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಊಟ ಮುಗಿಸಿ ಬಂದು ಕೂತರೆ ಮತ್ತೆ ಟಣ್. ಬೆಳಿಗ್ಗೆಯೇ ಯಾವಾಗಲೋ ತಿದ್ದಿ ಇಟ್ಟಿರುತ್ತಾಳೆ ಎಂದುಕೊಂಡೆ.

ಹೊಟ್ಟೆ ಉರಿಸಿದ್ದು ಇನ್ನೊಂದಿದೆ. ಅವಳು ಅಣ್ಣನ ಕಿವಿಯನ್ನೂ ಊದಿದ್ದಾಳೆ ಎಂಬುದು ನನಗೆ ಖಾತ್ರಿಯಾಗಿತ್ತು. ಒಂದು ಸಂಜೆ ಔಷಧಿ ಅಂಗಡಿಯ ಮುಂದೆ ಅಣ್ಣ ಎದುರಿಗೇ ಬಂದ. ನಾನು ನಕ್ಕೆ. ಅವನು ನನ್ನ ಮುಖ ನೋಡಿದ, ನೋಡಿಯೂ ನೋಡದವನ ಹಾಗೆ ಪಕ್ಕದಲ್ಲೇ ಹಾದು ಹೋದ. ಒಡಹುಟ್ಟಿದವನು. ಮನೆಗೆ ಬಂದು ಕದ ಹಾಕಿಕೊಂಡು ಅತ್ತೆ. ಬೆಳಿಗ್ಗೆ ನೋಡಿದರೆ ಏನೂ ಆಗದವನ ಹಾಗೆ, "ಪತ್ತೇದಾರಿ, ಯಾಕೆ ಇವತ್ತು ದನಿಯೇ ಇಲ್ಲ?" ಎಂದ.

ಕೊನೆಗೆ ನಾನೇ ಫೋನು ಮಾಡಿ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಅವನು ಬಂದು, ನನ್ನ ಕುರ್ಚಿಯಲ್ಲಿ ಕೂತು, ಪರದೆಗೆ ಅಂಟಿಸಿದ ಕಾಗದದ ಚೂರನ್ನು ನೋಡಿ, ಏನೂ ಕೇಳದೆ ಕಿತ್ತು ಕಸದ ಬುಟ್ಟಿಗೆ ಹಾಕಿದ.

"ಇದು ಬಂದಾಗ ಏನು ಒತ್ತೀರಿ?"

"ಆಮೇಲೆ."

"ಬಂದಾಗೆಲ್ಲ?"

"ಬಂದಾಗೆಲ್ಲ."

"ಅದಕ್ಕೇ ನಿಮ್ಮ ಬೆನ್ನು ಬಿಟ್ಟಿಲ್ಲ. ನೀವು ಆಮೇಲೆ ಅಂದಷ್ಟು ಸಲ ನಿಮ್ಮ ಹತ್ರ ಹಳೇದೇ ಉಳ್ಕೊಳ್ಳುತ್ತೆ. ಒಳಗಿನ ಕಂಪ್ಯೂಟರಲ್ಲಿ ಬೇರೆ ಇರುತ್ತೆ, ನಿಮಗೆ ಬೇರೆ ಕಾಣುತ್ತೆ." ಅವನು ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದ. "ಈಗ ಏನು ಮಾಡ್ಲಿ? ಈ ಪೆಟ್ಟಿಗೆ ಬರದ ಹಾಗೆ ಮಾಡಿ ಹೋಗ್ಲಾ? ಇಲ್ಲ ಯಾರು ಬದಲಾಯಿಸ್ತಿದಾರೆ ಅಂತ ತೆಗೀಲಾ? ಎಲ್ಲಾ ಒಳಗೆ ಇರುತ್ತೆ."

ಬರದ ಹಾಗೆ ಮಾಡಿ ಎಂದು ನಾನು ಹೇಳಬಹುದಿತ್ತು. ಕರೆಸಿದ್ದೂ ಅದಕ್ಕೇ.

"ತೆಗೀರಿ," ಎಂದೆ. "ಸ್ವಲ್ಪ ಇರಿ. ಮೇಡಂ ಬರಲಿ. ಅವರೆದುರಿಗೇ ತೆಗೀರಿ."

ಮೇಡಂ ಬಂದರು. ಸೊಸೆಯನ್ನೂ ಕರೆದೆ, ಟೀ ಕುಡಿಯೋಕೆ ಕರೆಯುವವಳ ಹಾಗೆ ನಯವಾಗಿ. ಅವಳು ಕೈಯಲ್ಲಿ ಹತ್ತಿಯ ಉಂಡೆ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಅಣ್ಣ ಒಳಗೇ ಇದ್ದ. ಅವನನ್ನು ಕರೆಯಬೇಕು ಎಂದು ನನಗೆ ಅನ್ನಿಸಲಿಲ್ಲ. ಸೊಸೆಯ ಬಣ್ಣ ಬಯಲಾದ ಮೇಲೆ ಹೇಗೂ ಗೊತ್ತಾಗುತ್ತದೆ.

ರಿಪೇರಿಯವನು ಎರಡು ಮೂರು ಕಡೆ ಒತ್ತಿದ. ಪರದೆಯ ಬಲಗಡೆ ಸಾಲಾಗಿ ಬಂತು. ಪ್ರತಿ ಸಾಲಿನಲ್ಲೂ ಒಂದೇ ಹೆಸರು. ಸೊಸೆಯ ಹೆಸರು.

ಗೆದ್ದೆ ಎನ್ನಿಸಿತು. ಸುಳ್ಳು ಯಾಕೆ ಹೇಳಲಿ, ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ನನಗೆ ನಗು ಬಂದುಬಿಟ್ಟಿತ್ತು. ತುಟಿ ಕಚ್ಚಿ ತಡೆದುಕೊಂಡೆ.

"ಎಲ್ಲಾ ಊಟದ ಹೊತ್ತಲ್ಲೇ ಆಗಿದೆ," ಎಂದ ರಿಪೇರಿಯವನು ಟೈಮಿನ ಮೇಲೆ ಬೆರಳಾಡಿಸುತ್ತ. "ಒಂದೂ ಆಚೆ ಈಚೆ ಇಲ್ಲ."

ನನ್ನ ನಗು ಅಲ್ಲೇ ನಿಂತಿತು.

"ಯಾಕಮ್ಮಾ ಹೀಗೆ ಮಾಡ್ದೆ?" ಮೇಡಂ ಅವಳನ್ನು ಕೇಳಿದರು. "ನಿಮ್ಮ ಚಿಕ್ಕತ್ತೆ ಕುರ್ಚಿ ಬೇಕಿತ್ತಾ?"

ಅವಳು ಹತ್ತಿಯ ಉಂಡೆಯನ್ನು ಹಿಸುಕುತ್ತ ನಿಂತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ನೀವು ಸುಮ್ಮನಿರಿ ಎನ್ನುವ ನೋಟ.

"ನಾನೇ ಮಾಡಿದ್ದು ಮೇಡಂ," ಎಂದಳು. "ತಪ್ಪಾಯ್ತು. ನನ್ನನ್ನ ಬಿಡಿಸಿಬಿಡಿ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನನ್ನ ಕುರ್ಚಿ ನನಗೆ ಉಳಿಯುತ್ತಿತ್ತು, ಕಿವಿಗೆ ಬಂದ ಅಪವಾದ ಹೋಗುತ್ತಿತ್ತು. ಆದರೆ ಕಣ್ಣೆದುರಿಗೆ ಯಾರಾದರೂ ಸುಳ್ಳು ಹೇಳಿದರೆ ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ.

"ಸುಳ್ಳು," ಎಂದೆ. "ಊಟದ ಹೊತ್ತಲ್ಲಿ ಇವಳು ನನ್ನೆದುರಿಗೇ ಇರ್ತಾಳೆ. ಒಂದು ನಿಮಿಷ ಆಚೆ ಹೋಗಿಲ್ಲ. ನಾನೇ ಕಾವಲು ಕೂತಿದೀನಿ."

"ಕಾವಲಾ?" ಎಂದರು ಮೇಡಂ.

"ಇವಳ ಮೇಲೆ ಅನುಮಾನ ಇತ್ತು. ಅದಕ್ಕೆ."

ರಿಪೇರಿಯವನು ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ. ಮೇಡಂ ನಗಲಿಲ್ಲ. "ಹಾಗಾದ್ರೆ ಊಟದ ಹೊತ್ತಲ್ಲಿ ಇವಳ ಕಂಪ್ಯೂಟರ್ ಮುಂದೆ ಇದ್ದಿದ್ದು ಯಾರು?" ಎಂದರು.

ನನ್ನ ಬಾಯಿ ಯಾವಾಗಲೂ ತಲೆಗಿಂತ ಮುಂದೆ ಓಡುತ್ತದೆ. ಮಾತು ಹೊರಗೆ ಬಿದ್ದ ಮೇಲೆ ತಲೆ ಬಂದು ಸೇರಿಕೊಂಡಿತು. ಊಟದ ಹೊತ್ತಿನಲ್ಲಿ ಆ ಕೋಣೆಯಲ್ಲಿ ಉಳಿಯುವವನು ಒಬ್ಬನೇ. ಫರ್ನೇಸ್ ಬಿಟ್ಟು ಬರೋ ಹಾಗಿಲ್ಲ ಎನ್ನುವವನು. ಸೊಸೆಯ ನೋಟದ ಅರ್ಥ ಆಗ ಆಯಿತು.

ಯಾರೂ ಕರೆಯದೆಯೇ ಅಣ್ಣ ಬಾಗಿಲಿಗೆ ಬಂದ. ಎಲ್ಲವೂ ಕೇಳಿಸಿತ್ತು ಎಂದು ಕಾಣುತ್ತದೆ. ಏಪ್ರನ್ನಿಗೆ ಕೈ ಒರೆಸುತ್ತ, ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತ.

"ಅವಳಿಗೆ ಏನೂ ಅನ್ಬೇಡಿ ಮೇಡಂ. ತಿದ್ದಿದ್ದು ನಾನು."

"ನೀವಾ?"

"ಹಲ್ಲು ಸುಟ್ಟು ತೆಗೆದ ಮೇಲೆ ಸೊಸೆ ಪಟ್ಟಿ ಹಿಡಿದು ನೋಡ್ತಾಳೆ. 'ಮಾವ, ಇದು ಎರಡಲ್ಲ, ಮೂರು ಬಂದಿದೆ' ಅಂತಾಳೆ. ಮತ್ತೆ ಮಾಡಿದ್ರೂ ಹಾಗೇ ಬರುತ್ತೆ. ಚೀಟಿಗೂ ಹಲ್ಲಿಗೂ ಹೊಂದಲಿ ಅಂತ ಅವಳ ಕಂಪ್ಯೂಟರಲ್ಲೇ ಚೀಟಿ ತಿದ್ದಿದೆ." ಅವನು ತಲೆ ತಗ್ಗಿಸಲಿಲ್ಲ. "ಈ ಸಲದ ಪುಡಿ ಸರಿ ಇಲ್ಲ. ಹಾಕಿರೋ ಟ್ಯೂಬ್‌ಲೈಟೂ ಸರಿ ಇಲ್ಲ, ಬೆಳಕೇ ಮಂಕು. ಮೊದಲೇ ಹೇಳಿದ್ದೆ."

"ಲೈಟು ಹೊಸದು," ಎಂದರು ಮೇಡಂ. "ಪುಡಿ ಯಾವಾಗ್ಲೂ ತರ್ಸೋದೇ. ನಿಮ್ಮ ಕಣ್ಣಿಗೆ ಪೊರೆ ಬಂದಿರ್ಬೇಕು. ತೋರಿಸ್ಕೊಳ್ಳಿ, ತೆಗೆಸ್ಕೊಂಡು ಬನ್ನಿ. ನಿಮ್ಮ ಜಾಗದಲ್ಲಿ ಯಾರನ್ನೂ ಕೂರಿಸಲ್ಲ."

"ನನ್ನ ಕಣ್ಣಿಗೆ ಏನೂ ಆಗಿಲ್ಲ."

"ಒಪ್ಕೊಂಡ್ರೆ ತಾನೆ ವಾಸಿ ಆಗೋದು. ಒಪ್ಕೊಳ್ಳದೆ ಇದ್ರೆ ನಾಳೆಯಿಂದ ನಿಮ್ಮ ಕೈಗೆ ಕುಂಚ ಕೊಡೋಕಾಗಲ್ಲ ನಂಗೆ."

"ಏನೂ ಆಗಿಲ್ಲ ಅಂದ್ನಲ್ಲ. ಬೇಕಾದ್ರೆ ನೋಡಿ."

ಮೇಡಂ ನನ್ನ ಮೇಜಿನ ಮೇಲಿದ್ದ ಶೇಡ್ ಗೈಡಿನಿಂದ ಒಂದು ಕಡ್ಡಿ ಎಳೆದರು. ನಂಬರಿನ ಮೇಲೆ ಹೆಬ್ಬೆರಳು ಮುಚ್ಚಿ, ಹಲ್ಲು ಮಾತ್ರ ಕಾಣುವ ಹಾಗೆ ಹಿಡಿದು ಅವನ ಮುಂದೆ ಚಾಚಿದರು. ಎಳೆಯುವಾಗಲೇ ನಾನು ನೋಡಿದ್ದೆ. ಎರಡು. ನೋಡದಿದ್ದರೂ ಹೇಳುತ್ತಿದ್ದೆ. ಅದರ ಬಣ್ಣ ನನಗೆ ಕಲಿಸಿದವನೇ ಅವನು.

"ಇದು ಯಾವುದು ಹೇಳಿ."

ಅಣ್ಣ ಬಗ್ಗಿ ನೋಡಿದ. ಕತ್ತು ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ. ಕಿಟಕಿಯ ಬೆಳಕಿಗೆ ಬನ್ನಿ ಎಂದು ಮೇಡಂ ಅವರನ್ನು ಕೈ ಮಾಡಿ ಕರೆದ. ಅಲ್ಲಿ ಮತ್ತೆ ನೋಡಿದ. ಆಮೇಲೆ ಮುಖ ಎತ್ತಿ ನನ್ನ ಕಡೆ ತಿರುಗಿದ.

ನಾನು ಮೇಡಂ ಅವರ ಬೆನ್ನ ಹಿಂದೆ ಇದ್ದೆ. ಆ ಕ್ಷಣದಲ್ಲಿ ನನಗೆ ನ್ಯಾಯವೂ ಬೇಡವಾಗಿತ್ತು, ಕುರ್ಚಿಯೂ ಬೇಡವಾಗಿತ್ತು. ನನ್ನ ಅಣ್ಣ ಇವರ ಮುಂದೆ ತಪ್ಪಬಾರದು, ಅಷ್ಟೇ. ಬಲಗೈಯ ಎರಡು ಬೆರಳೆತ್ತಿ ಕೆನ್ನೆಯ ಮೇಲಿಟ್ಟೆ. ಅಪ್ಪನ ಹಿಂದೆ ಅವನು ನಿಲ್ಲುತ್ತಿದ್ದ ಹಾಗೆಯೇ. ಅವನ ಕಣ್ಣು ನೆಟ್ಟಗೆ ನನ್ನ ಮುಖದ ಮೇಲಿತ್ತು. ಬೆರಳನ್ನು ಇನ್ನೂ ಒತ್ತಿ ಹಿಡಿದೆ. ನೋಡು, ಅಣ್ಣ. ಎರಡು.

"ಮೂರು," ಎಂದ.

ಅವನು ಇನ್ನೂ ನನ್ನ ಕಡೆಯೇ ನೋಡುತ್ತಿದ್ದ, ಔಷಧಿ ಅಂಗಡಿಯ ಮುಂದೆ ನೋಡಿದ್ದ ಹಾಗೆ. ಅವತ್ತು ಅವನು ನನ್ನನ್ನು ತಿರಸ್ಕರಿಸಿ ಹೋಗಿರಲಿಲ್ಲ. ಅವನಿಗೆ ನಾನು ಕಂಡೇ ಇರಲಿಲ್ಲ. ಕದ ಹಾಕಿಕೊಂಡು ಅತ್ತಿದ್ದು ನೆನಪಾಗಿ ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಪತ್ತೇದಾರಿ," ಎಂದು ಅಣ್ಣ ಕರೆದ. "ಅಲ್ಲೇ ಇದೀಯಲ್ಲ? ಸರಿ ಹೇಳ್ದೆ ತಾನೆ?"

ನನ್ನ ಬೆರಳು ಕೆನ್ನೆಯ ಮೇಲೇ ಉಳಿದಿತ್ತು. ಸೊಸೆ ಯಾವಾಗ ಪಕ್ಕಕ್ಕೆ ಬಂದಳೋ ಗೊತ್ತಾಗಲಿಲ್ಲ. ನನ್ನ ಮಣಿಕಟ್ಟು ಹಿಡಿದು, ಯಾರಿಗೂ ಕಾಣದ ಹಾಗೆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ಹಿಡಿದ ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಮತ್ತೆ ನಾನು, ದಿನಾ ಬಾಗಿಲಲ್ಲಿ ನಿಂತು ಕೂಗುವ ಹಾಗೆಯೇ, ಅದೇ ದನಿಯಲ್ಲಿ ಕೂಗಿದೆ.

"ಎರಡು."

ಅಣ್ಣನ ಕೈ ಏಪ್ರನ್ನನ್ನು ಮುದುರುತ್ತಿತ್ತು. ಅವನು ತಿರುಗಿ ಹೇಳುವ ತನಕ ನಾನು ಅಲ್ಲಿಂದ ಕದಲುವವಳಲ್ಲ ಎಂದು ಅವನಿಗೂ ಗೊತ್ತು.

"ಎರಡು," ಎಂದ ಅಣ್ಣ.